ಒಂದೇ ಹೊಲದ ಗಂಗವ್ವ

“ಬಾಜೂ ಹೊಲದಾವ್ರು ನನಗಿಂತ ತಿಂಗಳ ತಡಾ ಮಾಡಿ ಕಬ್ಬ ಹಚ್ಚ್ಯಾರ. ಅವರ ಪಾಳಿ ಮೊದ್ಲ ಬಂತು, ನಂದ್ಯಾಕ ಕಡೀಕ ಬಂತ್ರಿ?”

ಸುರೇಬಾನದ ಗಂಗವ್ವ ನಮ್ಮ ಸಕ್ಕರೆ ಕಾರ್ಖಾನೆಯ ಕಚೇರಿ ಕಿಟಕಿಯಲ್ಲಿ ನಿಂತು ಕೇಳಿದಳು. “ಕಂಪ್ಯೂಟರ್ ಹಚ್ಚಿದ ಪಾಳಿ ಅದು, ತಪ್ಪಾಗಂಗಿಲ್ಲ ಹೋಗವಾ” ಎಂದರು ಮ್ಯಾನೇಜರ್. ಆಕೆ ಸರಳು ಹಿಡಿದು ನಿಂತೇ ಇದ್ದಳು.

ಕಟಾವಿನ ಪಾಳಿ ಹಚ್ಚುವ ಆ ಹಳೆಯ, ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂ ತಿದ್ದಿದವಳು ನಾನೇ. ಪಟ್ಟಿ ತೆಗೆದು ನೋಡಿದರೆ ಕೊನೆಗೆ ಬಿದ್ದವರೆಲ್ಲ ಗಂಗವ್ವನ ಹಾಗೆ ಒಂದೇ ಒಂದು ಹೊಲ ಇದ್ದವರು! ಕಂಪ್ಯೂಟರಿನಲ್ಲಿ ರೈತನಿಗೆ ಎಷ್ಟು ಹೊಲವೋ ದಾಖಲೆ ಅಷ್ಟು ಉದ್ದ, ಒಂದೊಂದು ಹೊಲಕ್ಕೂ ನಾಟಿಯ ತಾರೀಖು. ತಾರೀಖು ಎಷ್ಟನೇ ಅಕ್ಷರದಿಂದ ಶುರು ಎಂಬ ಎಣಿಕೆ ತಪ್ಪಿ, ಮೊದಲ ಹೊಲದ ಬದಲು ಎರಡನೇ ಹೊಲದ ತಾರೀಖು ನೋಡಿ ವಿಂಗಡಿಸುವಂತೆ ನಾನು ಬರೆದಿದ್ದೆ. ಒಂದೇ ಹೊಲ ಇದ್ದವರ ದಾಖಲೆ ಅದಕ್ಕೂ ಮೊದಲೇ ಮುಗಿಯುತ್ತಿತ್ತು. ತಾರೀಖು ಸಿಗದೆ ಅವರು ಕೊನೆಗೆ ಹೋಗುತ್ತಿದ್ದರು. ನಾನು ಪರೀಕ್ಷಿಸಿ ನೋಡಿದ್ದು ನಾಲ್ಕೈದು ಹೊಲವಿದ್ದವರ ಹೆಸರುಗಳನ್ನಷ್ಟೇ.

ಅಲ್ಲೇ ತಿದ್ದಿ, ಹೊಸ ಪಟ್ಟಿ ತೆಗೆದು ಗಂಗವ್ವನ ಕೈಗಿಟ್ಟೆ. ಆಕೆಯದು ಒಂಬತ್ತನೇ ಪಾಳಿ.

“ಯಾರನ್ನ ಕೇಳಿ ಬದಲಿ ಮಾಡಿದ್ರಿ?” ಮ್ಯಾನೇಜರ್ ಸಿಡುಕಿದರು.

“ಆಕೀ ಪಾಳಿ ತಪ್ಪಿಸಿದಾಗ ನಾ ಯಾರನ್ನೂ ಕೇಳಿದ್ದಿಲ್ಲರಿ ಸರ. ಸರಿ ಮಾಡಾಕ ಯಾಕ ಕೇಳ್ಬೇಕು?” ಎಂದೆ.

ಅಂದಿನಿಂದ ನನ್ನ ಪ್ರತಿ ಪರೀಕ್ಷೆಯಲ್ಲೂ ಮೊದಲ ಹೆಸರು ಗಂಗವ್ವನದು. ಆಕೆಯ ಪಾಳಿ ಸರಿಯಾಗಿ ಬಾರದ ಪಟ್ಟಿಗೆ, ಯಾರೇ ಸಿಡುಕಲಿ, ನಾನು ಸಹಿ ಹಾಕುವುದಿಲ್ಲ.