ಬಾಗಿಲ ಹತ್ರಾನೇ ಇದ್ದೀನಿ

ಬಸ್ ನಿಲ್ದಾಣದಲ್ಲಿ ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವನು ‘ಐದ್ನಿಮಿಷ’. ತಗಡಿನ ಗೂಡಿನಂಥ ಕೋಣೆಯಲ್ಲಿ, ಕೈ ಮುರಿದ ಕುರ್ಚಿಯಲ್ಲಿ, ಕೊರಳಿಗೆ ಸೀಟಿ ಹಾಕಿಕೊಂಡು ಮೂವತ್ತೊಂದು ವರ್ಷ ಬಸ್ಸುಗಳ ವೇಳೆ ಬರೆದ. ಬರುವ ಗಾಡಿ ತಡವಾದರೆ, ಅದರಲ್ಲಿದ್ದವರಿಗಾಗಿ ಹೊರಡುವ ಗಾಡಿಯನ್ನು ತಡೆದು ನಿಲ್ಲಿಸುತ್ತಿದ್ದ. ಡ್ರೈವರುಗಳು ಹಾರ್ನ್ ಒತ್ತಿ ರಂಪ ಮಾಡಿದರೆ ಕಿಟಕಿಯಿಂದ ಕೈ ಹೊರಹಾಕಿ ಅದೇ ಮಾತು: “ಐದ್ನಿಮಿಷ ತಡ್ಕೊಳ್ಳಪ್ಪಾ. ನಿನ್ ಗಾಡಿಗೇನು ರೆಕ್ಕೆ ಬಂದಿದ್ಯಾ?”

“ನಿಮ್ ಐದ್ನಿಮಿಷ ಮುಗಿಯೋದ್ರಲ್ಲಿ ನನ್ ಮಗಳು ಕಾಲೇಜು ಮುಗಿಸಿದ್ಲು, ಮಾವ!”

ಬೈಸಿಕೊಂಡೂ ನಗುತ್ತಿದ್ದ. ಕೊನೆಯವನು ಓಡಿ ಬಂದು ಹತ್ತಿದ ಮೇಲೇ ಸೀಟಿ.

ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಅಕ್ಕ. ಆಕೆ ಮಗಳ ಜೊತೆ ಪರದೇಶದಲ್ಲಿದ್ದಳು. ಏಳು ವರ್ಷದ ಹಿಂದೆ ಆಕೆಯ ಹೃದಯಕ್ಕೆ ಆಪರೇಷನ್ ಆಗಬೇಕೆಂದು ಗೊತ್ತಾಯಿತು. ಫೋನಿನಲ್ಲಿ ಒಂದೇ ಹಟ: “ನಿನ್ ಮುಖ ನೋಡ್ದೆ ನಾನು ಒಳಗೆ ಹೋಗಲ್ಲ ಕಣೋ. ಡಾಕ್ಟ್ರಿಗೂ ಹೇಳಿಬಿಟ್ಟಿದ್ದೀನಿ.”

ಉದ್ದಕ್ಕೂ ಒಂದೇ ಟಿಕೆಟ್ ಸಿಗಲಿಲ್ಲ. ಟಿಕೆಟ್ ಅಂಗಡಿಯವನು ಎರಡು ಬೇರೆ ಬೇರೆ ವಿಮಾನ ಹುಡುಕಿ, ಎರಡನೆಯದಕ್ಕಿಂತ ಒಂದು ದಿನ ಮುಂಚೆಯೇ ಮೊದಲನೆಯದರಲ್ಲಿ ಹೊರಡಿ ಎಂದ.

“ಅಣ್ಣಾ, ಇವೆರಡಕ್ಕೂ ಒಂದಕ್ಕೊಂದು ಪರಿಚಯಾನೇ ಇಲ್ಲ. ಒಂದು ತಡ ಆದ್ರೆ ಇನ್ನೊಂದಕ್ಕೆ ಕಿವೀಗೂ ಬೀಳಲ್ಲ. ಮಧ್ಯೆ ಟೈಮ್ ಬಿಡಿ.”

“ಅಂದ್ರೆ ಒಂದು ದಿನ ಪೂರ್ತಿ ಕುರ್ಚಿ ಮೇಲೆ ಕೂರ್ಬೇಕಾ? ಕೂರೋಕೆ ಅಷ್ಟು ದೂರ ಹೋಗ್ಬೇಕಾ?” ಮಾರನೆಯ ದಿನದ ವಿಮಾನದ ಮೇಲೆ ಬೆರಳಿಟ್ಟ. “ಇದಕ್ಕೂ ಅದಕ್ಕೂ ಮಧ್ಯೆ ನೂರ ಹತ್ತು ನಿಮಿಷ ಇದೆ. ಅಷ್ಟರಲ್ಲಿ ನಾನು ಇಪ್ಪತ್ತು ಬಸ್ ಬಿಡ್ತೀನಪ್ಪಾ!”

ಮೊದಲ ವಿಮಾನ ದಾರಿ ಮಧ್ಯದ ಇನ್ನೊಂದು ದೇಶದಲ್ಲಿ ನಲವತ್ತು ನಿಮಿಷ ತಡವಾಗಿ ಇಳಿಯಿತು. ಇನ್ನೂ ಎಪ್ಪತ್ತು ನಿಮಿಷವಿದೆ ಎಂದು ಅವನು ಆರಾಮಾಗಿಯೇ ನಡೆದ. ಮುಂದಿನ ವಿಮಾನದ ಬಾಗಿಲಲ್ಲಿ ಮೇಜಿನ ಹಿಂದಿದ್ದ ಹೆಂಗಸು ಅವನ ಕಾಗದ ತಿರುವಿ ಹಾಕಿ ಕೇಳಿದಳು: “ಬ್ಯಾಗ್ ಎಲ್ಲಿ?”

“ಅದು ಮುಂದಿನ ವಿಮಾನಕ್ಕೆ ತಾನೇ ಹೋಗುತ್ತಲ್ಲ?”

“ಎರಡು ಟಿಕೆಟ್ ಅಲ್ವಾ? ನೀವೇ ಹೊರಗೆ ಹೋಗಿ ಎತ್ತಿಕೊಂಡು, ಅಲ್ಲಿರೋ ಕೌಂಟರಿನಲ್ಲಿ ಮತ್ತೆ ಕೊಡಬೇಕು.”

“ಸರಿ, ಹೋಗಿ ಬರ್ತೀನಿ.”

“ಹೊರಗೆ ಹೋಗೋಕೆ ವೀಸಾ ಬೇಕು. ನಿಮ್ಮ ಹತ್ರ ಇಲ್ಲ.”

ಗಾಜಿನ ಗೋಡೆಯ ಕೆಳಗೆ, ತಿರುಗುವ ಬೆಲ್ಟಿನ ಮೇಲೆ, ನೀಲಿ ಹಗ್ಗ ಕಟ್ಟಿದ ಅವನ ಕಂದು ಬ್ಯಾಗು ಒಂಟಿಯಾಗಿ ಸುತ್ತುತ್ತಿತ್ತು. ಕಾಣುತ್ತದೆ, ಮುಟ್ಟುವಂತಿಲ್ಲ. ಬ್ಯಾಗು ಹಾಳಾಗಿ ಹೋಗಲಿ, ತನ್ನನ್ನಾದರೂ ಹತ್ತಿಸಿ ಎಂದ. ಹತ್ತಲು ಚೀಟಿ ಬೇಕು, ಚೀಟಿ ಕೊಡುವ ಕೌಂಟರೂ ಹೊರಗೇ ಇತ್ತು.

“ಐದ್ನಿಮಿಷ ತಡೀರಿ ಅಂತ ಅವ್ರಿಗೆ ಒಂದು ಮಾತು ಹೇಳಮ್ಮಾ. ನನ್ನ ಗಾಡಿ ತಡ ಆಗಿದ್ದು, ನಾನಲ್ಲ.”

“ಯಾರಿಗೆ ಹೇಳ್ಲಿ?” ಎಂದಳು. ಕುಹಕವಿರಲಿಲ್ಲ, ನಿಜಕ್ಕೂ ಅವಳಿಗೂ ಗೊತ್ತಿರಲಿಲ್ಲ. ಜೇಬಿನಲ್ಲಿ ಸೀಟಿಯಿತ್ತು. ಅದನ್ನು ಹಿಡಿದುಕೊಂಡೇ ಅವನು ವಿಮಾನ ಹಿಂದೆ ಸರಿದು ಹೋಗುವುದನ್ನು ನೋಡಿದ.

ಅಕ್ಕನ ಮಗಳು ಅಲ್ಲಿಂದಲೇ ಒದ್ದಾಡಿ, ಅದೇ ಕಂಪನಿಯವರನ್ನು ಹಿಡಿದು, ಮಾರನೆಯ ಮಧ್ಯಾಹ್ನಕ್ಕೆ ಒಂದು ಸೀಟು ಮಾಡಿಸಿದಳು. ಇಷ್ಟು ಸಮಯವಿದ್ದರೆ ಚೀಟಿ, ಬ್ಯಾಗು ಒಳಕ್ಕೇ ತರಿಸಬಹುದೆಂದು ಅವರು ಒಪ್ಪಿದರು. ಆಪರೇಷನ್ ಮಾತ್ರ ಬೆಳಿಗ್ಗೆಯೇ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಮಲಗಲಾಗದಂತೆ ನಡುನಡುವೆ ಕಬ್ಬಿಣದ ಕೈ ಇದ್ದ ಕುರ್ಚಿಗಳು. ಇಪ್ಪತ್ತನಾಲ್ಕು ವರ್ಷ ಕೂತ ಮನುಷ್ಯ ಅವತ್ತು ಕೂರಲಾರದೆ ಹೋದ. ಆ ಗಾಜಿನಿಂದ ಈ ಗಾಜಿಗೆ ನಡೆದ. ಗೋಡೆಯ ಪಟ್ಟಿಯಲ್ಲಿ ಹೊರಟ ವಿಮಾನಗಳನ್ನೆಲ್ಲ ಅಭ್ಯಾಸಬಲದಿಂದ ಟಿಕೆಟ್ಟಿನ ಹಿಂದೆ ಬರೆದುಕೊಂಡ. ನಲವತ್ತಾರು. ಒಂದೂ ಯಾರಿಗೂ ಕಾಯಲಿಲ್ಲ.

ಬೆಳಿಗ್ಗೆ ಫೋನ್ ಬಂತು. ಅಕ್ಕ ಗಾಲಿಮಂಚದ ಮೇಲಿದ್ದಳು, ತಳ್ಳಲು ಬಿಡುತ್ತಿರಲಿಲ್ಲ.

“ಎಲ್ಲಿದ್ದೀಯೋ?”

ವಿಮಾನಕ್ಕೆ ಹೋಗುವ, ಬೀಗ ಬಿದ್ದಿದ್ದ ಗಾಜಿನ ಬಾಗಿಲಿಗೆ ಅವನು ಹಣೆ ಒತ್ತಿಕೊಂಡಿದ್ದ. “ಬಾಗಿಲ ಹತ್ರಾನೇ ಇದ್ದೀನಿ, ಅಕ್ಕ. ಒಳಗೆ ಬಿಡ್ತಿಲ್ಲ ಅಷ್ಟೆ. ನೀನು ಹೋಗು.”

“ಸರಿ ಕಣೋ. ಅಲ್ಲೇ ಇರು.”

ಆಕೆ ಬದುಕಿದಳು. ಅವನು ತಲುಪಿದಾಗ ಆಕೆಗಿನ್ನೂ ಎಚ್ಚರವಿರಲಿಲ್ಲ. ಅಕ್ಕನಿಗೆ ಆ ಹೊತ್ತಿನಲ್ಲಿ ಸುಳ್ಳು ಹೇಳಿಬಿಟ್ಟೆನಲ್ಲ ಎಂಬ ಕೊರಗು ಮಾತ್ರ ಅವನಿಂದ ಹೋಗಲಿಲ್ಲ. ಪರದೇಶಕ್ಕೆ ಹೊರಟವರು ಯಾರೇ ಸಿಕ್ಕಲಿ, ಗೂಡಿಗೆ ಕರೆದು ಕೂರಿಸಿ ಕೇಳುತ್ತಿದ್ದ: “ಒಂದೇ ಟಿಕೆಟ್ಟಾ, ಎರಡಾ? ಎರಡಾದ್ರೆ ಒಂದಿಡೀ ದಿನ ಬಿಡಿ. ನಗ್ಬೇಡಿ, ಬಿಡಿ.”

ಹೋದ ತಿಂಗಳು, ಅದೇ ಕುರ್ಚಿಯಲ್ಲಿ, ಪೆನ್ನು ಕೈಯಲ್ಲಿರುವಾಗಲೇ ಅವನು ಹೋದ. ನಿಲ್ದಾಣದವರಾದ ನಮ್ಮಲ್ಲಿ ಯಾರಿಗೂ ಐದು ನಿಮಿಷವೂ ಸಿಗಲಿಲ್ಲ.

ಅಕ್ಕ ಅವನ ಹೆಂಡತಿಗೆ ಫೋನ್ ಮಾಡಿದಳು. ಅಳು ಮುಗಿದ ಮೇಲೆ ಈಕೆಯೇ ಹೇಳಿದಳು: “ಅತ್ತಿಗೆ, ಅವತ್ತು ಅವ್ರು ಆಸ್ಪತ್ರೆ ಬಾಗಿಲಲ್ಲಿ ಇರ್ಲಿಲ್ಲ. ಅದೇ ಕೊರಗು ಅವ್ರಿಗೆ.”

“ನಂಗೊತ್ತಿತ್ತು ಕಣಮ್ಮ. ಅವನ ಹಿಂದೆ ಯಾವಳೋ ಗೇಟ್ ನಂಬರ್ ಕೂಗ್ತಿದ್ಲು. ಆಸ್ಪತ್ರೇಲಿ ಯಾರು ಹಾಗೆ ಕೂಗ್ತಾರೆ? ನಾನು ಹೋಗಲ್ಲ ಅಂತ ಕೂತಿದ್ರೆ ಅವನು ಆ ಬಾಗಿಲು ಒಡೀತಿದ್ದ. ಅದಕ್ಕೇ ಹೋದೆ.”

“ಮತ್ತೆ ಅವ್ರಿಗೆ ಯಾಕೆ ಹೇಳ್ಲಿಲ್ಲ?”

“ಮುಂದಿನ ಸಲ ಊರಿಗೆ ಬಂದಾಗ ಹೇಳಿ ನಗಿಸೋಣ ಅಂತಿದ್ದೆ,” ಎಂದಳು ಅಕ್ಕ. “ಟೈಮ್ ಇದೆ ಅಂದ್ಕೊಂಡಿದ್ದೆ.”