ಸೂರ್ಯನ ಗಾಳಿಗೆ ಗರಿಕೆ

ಸೂರ್ಯನಿಂದಲೂ ಗಾಳಿ ಬೀಸುತ್ತದೆಂದು ಈ ವಯಸ್ಸಿನವರೆಗೆ ನನಗೆ ಗೊತ್ತೇ ಇರಲಿಲ್ಲ. ಬೆಳಕು ಬರುತ್ತದೆ, ಬಿಸಿಲು ಬರುತ್ತದೆ, ಹಪ್ಪಳ ಒಣಗುತ್ತದೆ. ಅಲ್ಲಿಗೆ ನಮ್ಮಿಬ್ಬರ ವ್ಯವಹಾರ ಮುಗಿಯಿತು ಎಂದುಕೊಂಡಿದ್ದೆ. ಮೊನ್ನೆ ಭಾನುವಾರ ಹೊಸೂರಿನ ನಮ್ಮ ಮನೆಯಲ್ಲಿ, ಮುದ್ದೆ ಬೇಯುವವರೆಗೆಂದು ಮೊಬೈಲು ನೋಡುತ್ತ ಕೂತವನು ಹೌಹಾರಿಬಿಟ್ಟೆ.

ಸೂರ್ಯನ ಮೈಯ ಶಾಖ ಕೆಲವು ಸಾವಿರ ಡಿಗ್ರಿಯಂತೆ. ಅದರ ಸುತ್ತಲಿನ ತೆಳು ಪ್ರಭೆಯ ಶಾಖ ಹತ್ತು ಲಕ್ಷ ಡಿಗ್ರಿಗೂ ಮೇಲಂತೆ! ಒಲೆಯಿಂದ ದೂರ ಸರಿದಷ್ಟೂ ಬೇಗೆ ಹೆಚ್ಚುವುದೆಂದರೆ ಅದ್ಯಾವ ನ್ಯಾಯ? ಯಾಕೆ ಹೀಗೆಂದು ಬಲ್ಲವರಿಗೂ ಇನ್ನೂ ಪೂರ್ತಿ ತಿಳಿದಿಲ್ಲವಂತೆ. ಆ ಕಾವಿಗೆ ಪರಮಾಣುಗಳೇ ಒಡೆದು ವಿದ್ಯುತ್ ತುಂಬಿದ ಚೂರುಗಳಾಗುತ್ತವೆ. ಅವನ್ನು ಹಿಡಿದಿಡಲು ಸೂರ್ಯನ ಸೆಳೆತಕ್ಕೂ ಆಗದೆ, ಉಕ್ಕುವ ಹಾಲಿನ ಹಾಗೆ ಅಂಚು ಮೀರಿ ಎಲ್ಲ ದಿಕ್ಕಿಗೂ ಹೊರಟುಬಿಡುತ್ತವೆ. ಅದೇ ಸೂರ್ಯನ ಗಾಳಿಯಂತೆ. ವೇಗ ಸೆಕೆಂಡಿಗೆ ನೂರಾರು ಕಿಲೋಮೀಟರ್! ಅಂಚೆಟ್ಟಿಗೆ ಹೋಗುವ ನಮ್ಮ ಬಸ್ಸು ಸ್ಟ್ಯಾಂಡು ಬಿಡುವುದರೊಳಗೆ ಅದು ಲಕ್ಷಗಟ್ಟಲೆ ಕಿಲೋಮೀಟರ್ ದಾಟಿರುತ್ತದೆ.

ಇಷ್ಟು ಓದಿ ಬಾಯಿ ಮುಚ್ಚಿಕೊಂಡಿರಬಹುದಿತ್ತು. ನನ್ನ ಜಾಯಮಾನ ಅದಲ್ಲ. "ಅತ್ತೆ, ಸೂರ್ಯನ ಗಾಳಿ ಭೂಮಿಗೆ ಬಡೀತಾ ಐತಂತೆ!" ಎಂದು ಕೂಗಿದೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ, ನಾಟ್ರಾಂಪಾಳ್ಯದವಳು. ಸಕ್ಕರೆ ಕಾಯಿಲೆಗೆ ತೋರಿಸಿಕೊಳ್ಳಲು ಬಂದು ನಮ್ಮಲ್ಲೇ ಇದ್ದಾಳೆ. ಊಟಕ್ಕೆ ಮುಂಚಿನ ಇನ್ಸುಲಿನ್ನನ್ನು ನನ್ನ ಹೆಂಡತಿ ಅರ್ಧ ಗಂಟೆ ಹಿಂದೆಯೇ ಅವಳಿಗೆ ಚುಚ್ಚಿದ್ದಳು. ಅತ್ತೆ ಎದ್ದವಳೇ ಅಂಗಳದ ಗರಿಕೆ ಹುಲ್ಲು ಕಿತ್ತು ತಂದು, ಗ್ರಹಣದ ದಿನ ಮಾಡುವಂತೆ ಸಾರಿಗೆ, ನೀರಿನ ಬಿಂದಿಗೆಗೆ, ಉಪ್ಪಿನಕಾಯಿ ಜಾಡಿಗೆ ಎಲ್ಲಕ್ಕೂ ಹಾಕಿದಳು. ತನ್ನ ತಟ್ಟೆಯನ್ನು ಕವುಚಿಟ್ಟಳು.

"ಗಾಳಿ ಬಿಡೋಗಂಟ ಒಂದಗುಳೂ ಮುಟ್ಟಲ್ಲ ಕಣ್ಲಾ. ಯಾವಾಗ ಬಿಡ್ತೈತೆ, ನೋಡೇಳು."

ಇನ್ಸುಲಿನ್ ಒಳಗೆ ಹೋಗಿದೆ, ಊಟ ಹೋಗಿಲ್ಲ; ರಕ್ತದ ಸಕ್ಕರೆ ತೀರಾ ಇಳಿದರೆ ಪ್ರಾಣಕ್ಕೇ ಸಂಚಕಾರ. ನೋಡನೋಡುತ್ತಲೇ ಅವಳ ಹಣೆಯಲ್ಲಿ ಬೆವರು ಮೂಡಿತು, ಬೆರಳು ನಡುಗತೊಡಗಿದವು. ಹೆಂಡತಿ ಸಕ್ಕರೆ ನೀರು ಕದಡಿ ತಂದರೆ ಅತ್ತೆ ತುಟಿ ಬಿಗಿದು ಕೂತಳು. 'ಬಿಡ್ತು' ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಗಾಬರಿಯಲ್ಲಿ ಅದೂ ಹೊಳೆಯಲಿಲ್ಲ.

"ಅದು ಬಿಡಂಗೇ ಇಲ್ಲ ಅತ್ತೆ! ಸೂರ್ಯ ಹುಟ್ಟಿದಾಗಿಂದ ಬೀಸ್ತಾನೇ ಐತೆ!"

ಅತ್ತೆ ನನಗಿಂತ ಹೆಚ್ಚು ದಂಗಾದಳು. "ನನ್ನ ಮದ್ವೆ ಊಟದಾಗೂ ಬೀಸ್ತಿತ್ತಾ?"

"ಬೀಸ್ತಿತ್ತು."

"ನಾನು ಬಾಣಂತಿಯಾಗಿದ್ದಾಗ?"

"ಆಗ್ಲೂವೆ."

"ಅಯ್ಯೋ ಶಿವನೇ! ಮತ್ತೆ ನಾವೆಲ್ಲ ಹೆಂಗ್ಲಾ ಬದುಕಿದ್ದೀವಿ?"

"ಭೂಮಿ ಹೊಟ್ಟೇಲಿ ಅಯಸ್ಕಾಂತದ ಶಕ್ತಿ ಐತತ್ತೆ. ಅದೇ ಆ ಗಾಳೀನ ಹೆಚ್ಚುಕಮ್ಮಿ ಪೂರ್ತಿ ಆಚೆಗೇ ತಿರುಗಿಸಿ ಕಳಿಸ್ತೈತೆ. ನಮ್ಮ ತಟ್ಟೆಗಂಟ ಬರಾಕೆ ಬಿಡಲ್ಲ."

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. "ಅದನ್ನ ಮೊದ್ಲೇ ಹೇಳಾಕೆ ನಿನ್ಗೇನಾಗಿತ್ಲಾ ದೊಡ್ಡ್ ರೋಗ! ಭೂಮ್ತಾಯಿ ಆಗ್ಲೇ ಗರಿಕೆ ಹಾಕವ್ಳೆ. ತಾ ಇಲ್ಲಿ ಆ ನೀರು" ಎಂದು ಲೋಟ ಕಸಿದುಕೊಂಡು ಗಟಗಟನೆ ಕುಡಿದಳು.

ಮುದ್ದೆ ಮುರಿಯುವ ಹೊತ್ತಿಗೆ ಅವಳ ಬೆರಳ ನಡುಕ ನಿಂತಿತ್ತು. ನನ್ನ ಸಾರಿನಲ್ಲೊಂದು ಗರಿಕೆ ಎಸಳು ತೇಲುತ್ತಿತ್ತು. ತೆಗೆದು ಬಿಸಾಡಲು ಮನಸ್ಸಾಗಲಿಲ್ಲ; ಯಾವುದಕ್ಕೂ ಇರಲಿ ಎಂದು ತಟ್ಟೆಯ ಅಂಚಿಗೆ ಇಟ್ಟುಕೊಂಡೇ ಉಂಡೆ.