ನನಗೊಬ್ಬನಿಗೇ ತೆರೆಯುವ ಅಂಗಡಿ

ಗೆಳೆಯರೇ, ಇವತ್ತು ಇಚಲಕರಂಜಿಯ ಚಹಾದಂಗಡಿಯಲ್ಲಿ ನನ್ನ ಮಾನ ಹೋಯಿತು. ನನ್ನ ಸೀರೆ ವೆಬ್‌ಸೈಟಿಗೆ ‘.ಮಗ್ಗ’ ಎಂದು ಮುಗಿಯುವ ಹೆಸರು ಕೊಂಡಿದ್ದೇನೆ. ಜಗತ್ತೆಲ್ಲ ಒಪ್ಪಿದ ಇಂಟರ್ನೆಟ್ ಹೆಸರುಪಟ್ಟಿಯಲ್ಲಿ ಅದಿಲ್ಲ. ಬೇರೆಯವರು ನಡೆಸುವ ಪರ್ಯಾಯ ಪಟ್ಟಿಯಲ್ಲಿದೆ. ಫೋನಿನ ಸೆಟ್ಟಿಂಗ್ ಬದಲಿಸಿಕೊಂಡವರಿಗಷ್ಟೇ ತೆರೆಯುತ್ತದೆ. ನಮ್ಮ ಪಕ್ಕದ ಮಗ್ಗದ ಶೆಡ್ಡಿನ ಸಿದ್ರಾಮ ಮಾಮಾ ತಮ್ಮ ಫೋನಿನಲ್ಲಿ ಒತ್ತಿ ನೋಡಿದರು. “ಉಘಡತ ನಾಹೀ ರೇ,” ಎಂದರು ಮರಾಠಿಯಲ್ಲಿ. ತೆರೆಯಲಿಲ್ಲ.

“ನಮ್ಮ ಹೆಸರಿಗೆ ಆ ಜಗತ್ತಿನ ಪಟ್ಟಿಯವರ ಪರವಾನಗಿ ಯಾಕ ಬೇಕ್ರಿ ಮಾಮಾ?”

“ಬ್ಯಾಡ ಬಿಡಪಾ. ಖರೆ ನಿನಗೊಬ್ಬನಿಗಷ್ಟ ಕಾಣತೈತಿ ಅಂದ್ರ, ಅದು ಅಂಗಡೀನೋ, ಕನ್ನಡೀನೋ?”

ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ನಾನು ಮನೆಗೆ ಬಂದು ನನ್ನ ಅಂಗಡಿ ತೆರೆದೆ. ಒಬ್ಬನೇ ಎಲ್ಲ ಸೀರೆಗಳನ್ನೂ ನೋಡಿ, ಭಾಳ ಚಂದ ಅವ ಎಂದು ನನಗೆ ನಾನೇ ಹೇಳಿಕೊಂಡು ಮುಚ್ಚಿದೆ.

ಈ ಪೋಸ್ಟಾದರೂ ನಿಮಗೆ ಕಾಣುತ್ತಿದೆಯೇ?